ಅಮೆರಿಕದಲ್ಲಿರುವ ಅಕ್ಕನ ಮಗ ಹೈಸ್ಕೂಲ್ ಮುಗಿಸಿ ನೇರ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್‌ಗೆ ಹೋಗ್ತೀನಿ ಅಂತಾನೆ. ಕಾಲೇಜು ಬಿಡಿಸಿ ಕಳಿಸಬಹುದಾ?

ನಿಮ್ಮ ಅಕ್ಕನ ಮಗನ ಜಾಗದಲ್ಲಿ ನಾನೇ ಕೂತಿದ್ದೆ. 2009ರ ಜೂನ್, ನ್ಯೂಜೆರ್ಸಿ. ವಯಸ್ಸು ಹದಿನೆಂಟು, ಎತ್ತರ ಆರಡಿ ಮೂರಿಂಚು. ಯುಗಾದಿ ಕಾರ್ಯಕ್ರಮಕ್ಕೆ ಹೋದರೆ ಆಂಟಿಯರೆಲ್ಲ "ತೆಂಗಿನಮರ ಬಂತು" ಅನ್ನುತ್ತಿದ್ದರು. ಕೋರ್ಟಿಗಿಳಿದರೆ ನಾನೇ ಗಿಡ್ಡ.

ದಾವಣಗೆರೆಯಿಂದ ನಾವು ಇಲ್ಲಿಗೆ ಬಂದದ್ದು 2003ರಲ್ಲಿ. ಆ ವರ್ಷವೇ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ಎದ್ದು ಬಂದು ಎನ್‌ಬಿಎ (ಅಮೆರಿಕದ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಮೊದಲನೆಯವನಾಗಿ ಆಯ್ಕೆಯಾದ. ನನ್ನ ಸರದಿ ಬರುವ ಹೊತ್ತಿಗೆ ಆ ಬಾಗಿಲು ಮುಚ್ಚಿತ್ತು. 2006ರ ಡ್ರಾಫ್ಟ್‌ನಿಂದ, ವಯಸ್ಸು ಹತ್ತೊಂಬತ್ತಾಗಿರಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷ ಕಳೆದಿರಬೇಕು ಅಂತ ನಿಯಮ. ಹಾಗಾಗಿ ನಮಗೆಲ್ಲ ಬ್ರಾಂಡನ್ ಜೆನಿಂಗ್ಸ್ ದೇವರಾದ. ಕಾಲೇಜಿಗೆ ಹೋಗದೆ ಒಂದು ವರ್ಷ ರೋಮ್‌ನಲ್ಲಿ ಆಡಿ, ನಾನು ಹೈಸ್ಕೂಲ್ ಮುಗಿಸಿದ ತಿಂಗಳೇ 10ನೆಯವನಾಗಿ ಮಿಲ್ವಾಕಿ ತಂಡಕ್ಕೆ ಹೋದ. ಅವನಿಗೆ ಆದದ್ದು ನನಗ್ಯಾಕೆ ಆಗಬಾರದು? ಅವನ ಆಟದ ಕಾಲು ಭಾಗವೂ ನನ್ನಲ್ಲಿರಲಿಲ್ಲ, ಅದು ಬೇರೆ ಮಾತು.

ಡಿವಿಷನ್ ಒನ್‌ನ, ಅಂದರೆ ಕಾಲೇಜು ಆಟದ ಮೇಲಿನ ದರ್ಜೆಯ ಒಂದು ಸಣ್ಣ ಕಾಲೇಜು ಪೂರ್ತಿ ಸ್ಕಾಲರ್‌ಶಿಪ್ ಕೊಡ್ತೀನಿ ಅಂದಿತ್ತು. ಫೀಸು, ಊಟ, ರೂಮು ಎಲ್ಲ. ಬಾಯಿಮಾತಲ್ಲಿ ಒಪ್ಪಿಯೂ ಇದ್ದೆ. ಅಷ್ಟರಲ್ಲಿ ಒಬ್ಬ ಏಜೆಂಟ್ ಗಂಟುಬಿದ್ದ. ಜರ್ಮನಿಯ ಮೂರನೇ ದರ್ಜೆಯ ಲೀಗ್‌ನಲ್ಲಿ ಟ್ರಯಲ್ ಕೊಡಿಸ್ತೀನಿ, ಸಹಿ ಹಾಕು ಅಂದು ಎರಡು ಹಾಳೆ ಮುಂದಿಟ್ಟ.

ನಾನು ಕೆಟ್ಟದ್ದು ಆ ಸಹಿಯಿಂದ. ಸುಮ್ನೆ ನನ್ನ ಖರ್ಚಲ್ಲಿ ಟ್ರಯಲ್‌ಗೆ ಹೋಗಿಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹದಿನೆಂಟು ತುಂಬಿತ್ತಲ್ಲ, ಅಪ್ಪನ ಸಹಿ ಬೇಕಿರಲಿಲ್ಲ. ಅಪ್ಪ ವಾಷಿಂಗ್ ಮಷಿನ್‌ನ ವಾರಂಟಿ ಕಾರ್ಡನ್ನೂ ಪೂರ್ತಿ ಓದುವ ಮನುಷ್ಯ. ತೋರಿಸಿದ್ದರೆ ಹತ್ತು ನಿಮಿಷದಲ್ಲಿ ಹಿಡಿಯುತ್ತಿದ್ದರು. ತೋರಿಸಲಿಲ್ಲ. "ಇದು ಯುರೋಪಿಗೆ ಮಾತ್ರ" ಅಂತ ಏಜೆಂಟ್ ಹೇಳಿದ, ನಂಬಿದೆ. ಕಾಲೇಜು ಆಟದ ನಿಯಮಕ್ಕೆ ಯುರೋಪು, ಅಮೆರಿಕ ಅಂತ ಭೇದ ಇರಲಿಲ್ಲ. ನನ್ನ ಆಟಕ್ಕೆ ಗಿರಾಕಿ ಹುಡುಕು ಅಂತ ಏಜೆಂಟ್‌ಗೆ ಒಪ್ಪಿಗೆ ಕೊಟ್ಟರೆ ಸಾಕಿತ್ತು, ಅಲ್ಲಿಗೆ ನೀವು ಅಮೆಚೂರ್ (ಹವ್ಯಾಸಿ ಆಟಗಾರ) ಆಗಿ ಉಳಿಯುತ್ತಿರಲಿಲ್ಲ, ಕಾಲೇಜು ತಂಡದಲ್ಲಿ ಆಡುವಂತಿರಲಿಲ್ಲ. ದುಡ್ಡು ಮುಟ್ಟಿರಬೇಕಿರಲಿಲ್ಲ. ಒಂದು ಪಂದ್ಯ ಆಡಿರಬೇಕಿರಲಿಲ್ಲ. ಬಾಯಿಮಾತಿನ ಒಪ್ಪಿಗೆಯೂ ಲೆಕ್ಕಕ್ಕೆ ಬರುತ್ತಿತ್ತು. ನಾನಂತೂ ಎರಡೂ ಹಾಳೆಗೆ ಸಹಿ ಹಾಕಿ, ಪಕ್ಕದಲ್ಲಿ ದಿನಾಂಕ ಬೇರೆ ಬರೆದಿದ್ದೆ. ಅದೂ ಚೆಂದದ ಅಕ್ಷರದಲ್ಲಿ.

ಜರ್ಮನಿಯಲ್ಲಿ ನಾಲ್ಕು ದಿನ ಓಡಿಸಿ, ಥ್ಯಾಂಕ್ಸ್ ಹೇಳಿ ಕಳಿಸಿದರು. ಒಂದು ಯೂರೋ ಹುಟ್ಟಲಿಲ್ಲ. ವಾಪಸ್ ಬಂದು ಕಾಲೇಜು ಕೋಚ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮನವಿ ಹಾಕಲು ದಾರಿ ಇತ್ತು, ಆದರೆ ಅದು ಇತ್ಯರ್ಥ ಆಗುವವರೆಗೆ ಯಾರು ಕಾಯ್ತಾರೆ? ಸ್ಕಾಲರ್‌ಶಿಪ್ ನನ್ನ ಜಾಗದಲ್ಲಿ ಆಡುವ ಇನ್ನೊಬ್ಬ ಹುಡುಗನಿಗೆ ಹೋಯಿತು. ನಾನು ಕಮ್ಯುನಿಟಿ ಕಾಲೇಜಿಗೆ ಹೋಗಿ ಅಕೌಂಟಿಂಗ್ ಓದಿದೆ. ಆ ನವೆಂಬರ್‌ನಲ್ಲಿ ಜೆನಿಂಗ್ಸ್ ಒಂದೇ ಪಂದ್ಯದಲ್ಲಿ 55 ಪಾಯಿಂಟ್ ಹೊಡೆದ. ನಾನು ಟಿವಿ ಆಫ್ ಮಾಡಿ ಮಲಗಿದೆ.

ಕಾಲೇಜು ಬಿಡಿಸಬಹುದಾ ಅಂತ ಕೇಳಿದ್ದೀರಿ, ಅಂದರೆ ಕಾಲೇಜಾ, ದುಡ್ಡಾ ಅಂತ. ಆ ಪ್ರಶ್ನೆಯೇ ಹಳತಾಯಿತು. 2021ರಿಂದ ಕಾಲೇಜು ಆಟಗಾರರು ಜಾಹೀರಾತಿನಲ್ಲಿ ದುಡಿಯಬಹುದು. 2025ರಿಂದ ಕಾಲೇಜುಗಳೇ ಕೈಗೆ ದುಡ್ಡು ಕೊಡಬಹುದು. ಕಾಲೇಜು ಬಿಟ್ಟು ಬರುವ ಇಂಥ ಹುಡುಗರಿಗೆ ಸಂಬಳ ಕೊಟ್ಟು ಆಡಿಸಲೆಂದೇ ಎನ್‌ಬಿಎಯ ಕಿರಿಯ ಲೀಗ್ ಆದ ಜಿ ಲೀಗ್‌ನಲ್ಲಿ 2020ರಲ್ಲಿ ಶುರುವಾದ ಇಗ್ನೈಟ್ ತಂಡ 2024ರಲ್ಲಿ ಬಾಗಿಲು ಹಾಕಿತು. ಕಾಲೇಜಲ್ಲೇ ಜಾಸ್ತಿ ಸಿಗುವಾಗ ಅಲ್ಲಿಗೆ ಯಾರು ಹೋಗ್ತಾರೆ?

ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹೋಗಿ ಗೆದ್ದ ಕೋಬಿ ಬ್ರಯಂಟ್ ಹೆಸರನ್ನು ಹುಡುಗ ತೆಗೆದರೆ ನೀವು ಕಾರ್ಲಿಯೋನ್ ಯಂಗ್ ಹೆಸರು ತೆಗೆಯಿರಿ. 1998ರಲ್ಲಿ ಹೈಸ್ಕೂಲಿನಿಂದ ಡೆಟ್ರಾಯಿಟ್‌ಗೆ ಹೋದ, ಎನ್‌ಬಿಎಯಲ್ಲಿ ಆಡಿದ್ದು ಮೂರೇ ಪಂದ್ಯ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಕೂಡ ಕಾಲೇಜು ಮೆಟ್ಟಿಲು ಹತ್ತದೆ 2015ರಲ್ಲಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ. ಏಳಡಿ ದಾಟಿದ ಆಳು. ಎನ್‌ಬಿಎ ಪಂದ್ಯ ಒಂದೂ ಸಿಗಲಿಲ್ಲ.

ಕಳಿಸಬೇಡಿ. ಅದಕ್ಕೂ ಮೊದಲು ಒಂದು ವಿಷಯ ಕೇಳಿ ಹೇಳಿ: ಅವನು ಈಗಾಗಲೇ ಯಾವುದಕ್ಕಾದರೂ ಸಹಿ ಹಾಕಿದ್ದಾನಾ?