ಲೇಬಲ್ ಇಲ್ಲ ಅಂದರೆ ಖರೇ ಅಂತಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಎಐ ವಿಡಿಯೋ, ಫೋಟೋಗಳ ಬಗ್ಗೆ ಕೇಳಿದವರೇ ಜಾಸ್ತಿ. ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಸುಧಾ ಮೂರ್ತಿಯವರು ಯಾವುದೋ ಯೋಜನೆಗೆ ದುಡ್ಡು ಹಾಕಿ ಎಂದು ಹೇಳುವ ವಿಡಿಯೋ ಅವರ ವಾಟ್ಸಾಪ್‌ಗೆ ಬಂದಿದೆ. ಅದು ಸುಳ್ಳು ಅಂದೆ. "ಎಐ ವಿಡಿಯೋಗೆ ಲೇಬಲ್ ಹಾಕಲೇಬೇಕು ಅಂತ ಈಗ ಕಾನೂನು ಬಂದಿದೆ. ಇದರ ಮೇಲೆ ಏನೂ ಬರೆದಿಲ್ಲ, ಅಂದ ಮೇಲೆ ಖರೇನೇ" ಅಂತಾರೆ. ಏನು ಹೇಳಲಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ದುಡ್ಡು ಹಾಕದಂತೆ ತಡೆಯಿರಿ. ಈಗಾಗಲೇ ಹಾಕಿದ್ದರೆ ಇದನ್ನು ಓದುತ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾನೂನು ಬಂದಿರುವುದು ನಿಜ. ಕೇಂದ್ರ ಸರ್ಕಾರದ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ತಿದ್ದುಪಡಿ 2026ರ ಫೆಬ್ರವರಿ 20ರಿಂದ ಜಾರಿಯಲ್ಲಿದೆ. ಎಐನಿಂದ ಮಾಡಿದ್ದು ಎದ್ದು ಕಾಣುವಂತೆ ಗುರುತು ಇರಬೇಕು. ದೊಡ್ಡ ಜಾಲತಾಣಗಳು ವಿಡಿಯೋ ಹಾಕುವವರನ್ನೇ ಇದು ಎಐನಿಂದ ಮಾಡಿದ್ದಾ ಎಂದು ಕೇಳಬೇಕು, ಅವರು ಹೇಳಿದ್ದು ಸರಿಯಾ ಅಂತಲೂ ನೋಡಬೇಕು. 2025ರ ಅಕ್ಟೋಬರ್‌ನ ಕರಡಿನಲ್ಲಿ ಚಿತ್ರದ ಕನಿಷ್ಠ ಶೇ. 10ರಷ್ಟು ಜಾಗದಲ್ಲಿ ಲೇಬಲ್ ಇರಬೇಕು ಎಂದಿತ್ತು, ಕೊನೆಗೆ ಆ ಅಳತೆಯನ್ನು ಬಿಟ್ಟರು. ನನ್ನನ್ನು ಕೇಳಿದರೆ ಏನಾದರೂ ಒಂದು ಅಳತೆ ಇರಬೇಕಿತ್ತು, ಯಾಕಂದರೆ ಮೊಬೈಲ್ ಪರದೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರ ಹಾಕಿದರೆ 72 ವರ್ಷದವರ ಕಣ್ಣಿಗೆ ಅದು ಕಾಣುವುದು ಹೇಗೆ?

ಆದರೆ ಮೋಸ ಮಾಡಲೆಂದೇ ಕೂತವನು ಲೇಬಲ್ ಯಾಕೆ ಹಾಕುತ್ತಾನೆ? ಬಣ್ಣ ಬೆರೆಸಿದ ಖಾರದಪುಡಿಯನ್ನು ಬ್ಯಾಡಗಿ ಪುಡಿ ಅಂತ ಮಾರುವವನು ಪ್ಯಾಕೆಟ್ ಮೇಲೆ "ಬಣ್ಣ ಹಾಕಿದ್ದೇನೆ" ಅಂತ ಬರೆಯುತ್ತಾನಾ? ಮಾವನವರಿಗೆ ಇದನ್ನೇ ಕೇಳಿ. ಎಐ ಲೇಬಲ್ ಹಾಕುವವರು ಪ್ರಾಮಾಣಿಕರು. ಲೇಬಲ್ ಇದ್ದರೆ ಅದು ಎಐ ಅಂತ ಗೊತ್ತಾಗುತ್ತದೆ, ಇಲ್ಲದಿದ್ದರೆ ಏನೂ ಗೊತ್ತಾಗುವುದಿಲ್ಲ, ಅಷ್ಟೇ.

ಹಾಕಿದ ಗುರುತೂ ಉಳಿಯುವುದಿಲ್ಲ. ನಾನೇ ಮಾಡಿ ನೋಡಿದೆ. ಉಣಕಲ್ ಕೆರೆ ಮೇಲೆ ನವಿಲುಗಳು ಹಾರುವಂತೆ ಎಐನಿಂದ ಒಂದು ಚಿತ್ರ ಮಾಡಿಸಿದೆ, ಕೆಳಗಿನ ಮೂಲೆಯಲ್ಲಿ ಸಣ್ಣ ಗುರುತು ಬಂತು. ಸ್ಕ್ರೀನ್‌ಶಾಟ್ ತೆಗೆದು ಆ ಮೂಲೆಯನ್ನು ಕತ್ತರಿಸಿದೆ, ಅರ್ಧ ನಿಮಿಷವೂ ಹಿಡಿಯಲಿಲ್ಲ. ಫೈಲ್ ಒಳಗೆ ಅದು ಎಲ್ಲಿ ಹುಟ್ಟಿತು ಎಂದು ಬರೆದಿಡುವ ಸಿ2ಪಿಎ ಎಂಬ ಪದ್ಧತಿಯೂ ಇದೆ. 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮೊದಲಾದವರು ಸೇರಿ ಶುರು ಮಾಡಿದ್ದು. ಸ್ಕ್ರೀನ್‌ಶಾಟ್ ತೆಗೆದರೆ ಆ ವಿವರವೂ ಹೋಗುತ್ತದೆ. ಗೂಗಲ್‌ನ ಸಿಂತ್‌ಐಡಿ ಸ್ವಲ್ಪ ಗಟ್ಟಿ, ಅದು ಗುರುತನ್ನು ಚಿತ್ರದ ಬಣ್ಣದ ಚುಕ್ಕೆಗಳಲ್ಲೇ ಬೆರೆಸಿಡುತ್ತದೆ. ಚಿತ್ರವನ್ನು ಗೂಗಲ್‌ನದೇ ಎಐ ಆದ ಜೆಮಿನಿಗೆ ಕೊಟ್ಟು ಕೇಳಿದರೆ ಆ ಗುರುತು ಇದೆಯಾ ಎಂದು ಹೇಳುತ್ತದೆ. ಆದರೆ ಆ ಗುರುತು ಹಾಕದ ಬೇರೆ ಎಐನಿಂದ ಮಾಡಿದ ಚಿತ್ರವಾದರೆ ಅದರಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ.

ಸುಧಾ ಮೂರ್ತಿಯವರು ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿದವರು, ಹುಬ್ಬಳ್ಳಿಯಲ್ಲಿ ಓದಿದವರು. ನಮ್ಮ ಕಡೆಯ ಹಿರಿಯರಿಗೆ ಅವರು ಮನೆಯವರಿದ್ದಂತೆ, ಮೋಸಗಾರರಿಗೆ ಬೇಕಾಗಿರುವುದು ಆ ನಂಬಿಕೆಯೇ. ಅವರ ಪತಿ ನಾರಾಯಣ ಮೂರ್ತಿಯವರು ತಮ್ಮ ಹೆಸರಿನ ಇಂಥ ನಕಲಿ ವಿಡಿಯೋ ನಂಬಬೇಡಿ ಎಂದು 2023ರಲ್ಲೇ ಎಚ್ಚರಿಸಿದ್ದರು. ಮಾವನವರಿಗೆ "ನಿಮಗೆ ಇದೆಲ್ಲ ತಿಳಿಯಲ್ಲ" ಅಂತ ಮಾತ್ರ ಅನ್ನಬೇಡಿ. ಈ ವಿಡಿಯೋ ಮೊದಲು ಹಾಕಿದ್ದು ಯಾರು ಅಂತ ಜೊತೆಗೆ ಕೂತು ಹುಡುಕಿ.

ಪ್ರಶ್ನೆ: ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆ ಫ್ಲೆಕ್ಸ್‌ಗೆ ಎಐ ಚಿತ್ರ ಬಳಸುತ್ತೇನೆ. ಎಲ್ಲದರ ಮೇಲೂ ಬರೆಯಬೇಕಾ? ಮೊನ್ನೆ ಒಬ್ಬರು ತೇರಿನ ಫೋಟೋದಲ್ಲಿ ಜನ ಕಡಿಮೆ ಇದ್ದಾರೆ, ತುಂಬಿಸಿಕೊಡಿ ಅಂದರು.
– ಓದುಗರು, ಬೆಟಗೇರಿ, ಗದಗ

ಉತ್ತರ: ಈ ನಿಯಮ ಇರುವುದು ಇಂಟರ್ನೆಟ್‌ಗೆ, ಕಂಬಕ್ಕೆ ಕಟ್ಟುವ ಫ್ಲೆಕ್ಸ್‌ಗಲ್ಲ. ಬಣ್ಣ ತಿದ್ದುವುದು, ಬೆಳಕು ಸರಿಮಾಡುವಂಥ ಸಣ್ಣ ಕೆಲಸಕ್ಕೆ ಅಲ್ಲೂ ಲೇಬಲ್ ಬೇಡ. ಲಗ್ನಪತ್ರಿಕೆಯ ಗಣಪನನ್ನು ಯಾರೂ ಫೋಟೋ ಅಂದುಕೊಳ್ಳುವುದಿಲ್ಲ.

ತೇರಿನ ವಿಷಯ ಬೇರೆ. ನೋಡಿದವರು ಅಷ್ಟು ಜನ ಬಂದಿದ್ದರು ಅಂತಲೇ ನಂಬುತ್ತಾರೆ. ಆ ಕೆಲಸ ಒಪ್ಪಿಕೊಳ್ಳಬೇಡಿ ಎನ್ನುವುದೇ ನನ್ನ ಸಲಹೆ. ಬಿಡಲಾಗದ ಗಿರಾಕಿಯಾದರೆ "ಈ ಚಿತ್ರದಲ್ಲಿ ಜನರನ್ನು ಎಐನಿಂದ ಸೇರಿಸಲಾಗಿದೆ" ಎಂದು ಕನ್ನಡದಲ್ಲೇ, ಓದಲು ಬರುವಷ್ಟು ದೊಡ್ಡದಾಗಿ ಹಾಕಿ.

ಪ್ರಶ್ನೆ: ಸಾಧನಕೇರಿಯ ಫೋಟೋ ತೆಗೆದು ಹಾಕಿದ್ದೆ. ಅಡ್ಡ ಬಂದ ಒಂದು ಕರೆಂಟ್ ವೈರನ್ನು ಮಾತ್ರ ಎಐ ಟೂಲ್‌ನಿಂದ ಅಳಿಸಿದ್ದೆ. ಅಷ್ಟಕ್ಕೇ ಎಐ ಲೇಬಲ್ ಬಿತ್ತು. ಈಗ ಎಲ್ಲರೂ ಫೋಟೋನೇ ಸುಳ್ಳು ಅಂತಾರೆ.
– ಓದುಗರು, ಧಾರವಾಡ

ಉತ್ತರ: ಬೆಳಗಿನ ಜಾವ ಎದ್ದು ಹೋಗಿ, ಬೆಳಕಿಗೆ ಕಾದು ತೆಗೆದ ಫೋಟೋವನ್ನು ಸುಳ್ಳು ಅಂದರೆ ಹೊಟ್ಟೆ ಉರಿಯುತ್ತದೆ. 2024ರಲ್ಲಿ ಬಹಳ ಫೋಟೋಗ್ರಾಫರ್‌ಗಳು ಇದೇ ದೂರು ಕೊಟ್ಟ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿ "ಎಐನಿಂದ ಮಾಡಿದ್ದು" ಎಂಬ ಲೇಬಲನ್ನು ಬದಲಿಸಿ "ಎಐ ಮಾಹಿತಿ" ಎಂದು ಮಾಡಿತು. ವೈರ್ ಅಳಿಸಿದ್ದಕ್ಕೂ ಇಲ್ಲದ ಕೆರೆಯನ್ನೇ ಸೃಷ್ಟಿಸಿದ್ದಕ್ಕೂ ಒಂದೇ ಮುದ್ರೆ ಒತ್ತುವುದು ಅನ್ಯಾಯ. ಕ್ಯಾಮೆರಾದ ಮೂಲ ಫೈಲ್ ಜೋಪಾನವಾಗಿಡಿ. ಫೋಟೋದ ಕೆಳಗೆ ಏನು ಅಳಿಸಿದ್ದೀರಿ ಎಂದು ಒಂದು ಸಾಲು ನೀವೇ ಬರೆಯಿರಿ.

ಪ್ರಶ್ನೆ: ಅಪ್ಪ ತೀರಿಕೊಂಡು ವರ್ಷವಾಯಿತು. ಅವರ ಫೋಟೋ ಮಾತಾಡುವಂತೆ ತಮ್ಮ ಎಐನಲ್ಲಿ ವಿಡಿಯೋ ಮಾಡಿಸಿದ. ಕೆಳಗೆ ಲೇಬಲ್ ಇತ್ತು, ಇಂಗ್ಲಿಷಿನಲ್ಲಿ. ಅವ್ವನಿಗೆ ಓದಲು ಬರುವುದಿಲ್ಲ. ನೋಡಿ ಅತ್ತಳು, ಆಮೇಲೆ "ಇದನ್ನ ಯಾವಾಗ ತುಂಬಿಸಿಟ್ಟಿದ್ರು, ನನಗ ಹೇಳಲೇ ಇಲ್ಲ" ಅಂದಳು. ನಮ್ಮ ಬಾಯಿ ಕಟ್ಟಿಹೋಯಿತು.
– ಓದುಗರು, ಹಾವೇರಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ತಮ್ಮನ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಗಂಡ ತನಗೆ ಹೇಳದೆ ಏನೋ ಬಿಟ್ಟುಹೋಗಿದ್ದಾನೆ ಎಂದು ಅವ್ವ ನಂಬಿದ್ದಾರೆ. ಅದನ್ನು ಹಾಗೇ ಬಿಡಬೇಡಿ, ಇವತ್ತೇ ಹೇಳಿ. ಯಾವ ಫೋಟೋದಿಂದ ಮಾಡಿದ್ದು ಅಂತ ತೋರಿಸಿ, ಆ ಮಾತುಗಳನ್ನು ಬರೆದವನು ತಮ್ಮ ಅಂತ ಅವನ ಬಾಯಿಂದಲೇ ಹೇಳಿಸಿ. ಬೇಜಾರಾಗಬಹುದು, ಆಗಲಿ.

ಹೊಸ ನಿಯಮದಲ್ಲಿ ಆಡಿಯೋಗೆ ಶುರುವಿನಲ್ಲೇ ದನಿಯಲ್ಲಿ ತಿಳಿಸಬೇಕು ಎಂದಿದೆ. ನೀವೂ ಆ ವಿಡಿಯೋದ ಮೊದಲಿಗೆ ನಿಮ್ಮದೇ ದನಿಯಲ್ಲಿ ಸೇರಿಸಿ: "ಅವ್ವಾ, ಇದು ಅಪ್ಪನ ದನಿ ಅಲ್ಲ, ನಾವು ಕಂಪ್ಯೂಟರ್‌ನಲ್ಲಿ ಮಾಡಿಸಿದ್ದು." ನೆಂಟರ ಗ್ರೂಪ್‌ಗೆ ಹಾಕುವುದಿದ್ದರೆ ಇದನ್ನು ಸೇರಿಸಿಯೇ ಹಾಕಿ. ಮತ್ತೆ ಅಪ್ಪನ ಹಳೆಯ ಫೋನು ಒಮ್ಮೆ ಚಾರ್ಜಿಗೆ ಹಾಕಿ ನೋಡಿ. ಅದರಲ್ಲಿ ಅವರೇ ಮಾತಾಡಿ ಕಳಿಸಿದ ವಾಯ್ಸ್ ಮೆಸೇಜ್ ಒಂದಾದರೂ ಸಿಕ್ಕರೆ, ಅವ್ವನಿಗೆ ಅದನ್ನು ಕೇಳಿಸಿ.