ಮಗಳು ನೋಟ್‌ಬುಕ್ಕಲ್ಲಿ ಹಾಗೆ ಬರೆದಿದ್ದಾಳೆ, ಯಾರ ಹತ್ರ ಹೋಗ್ಲಿ?

ಪ್ರಶ್ನೆ: ನನ್ನ ಮಗಳು ಫಸ್ಟ್ ಪಿಯುಸಿ. ಎರಡು ತಿಂಗಳಿಂದ ಸರಿಯಾಗಿ ಊಟ ಇಲ್ಲ, ರಾತ್ರಿಯೆಲ್ಲಾ ಎದ್ದಿರ್ತಾಳೆ, ಫ್ರೆಂಡ್ಸ್ ಫೋನ್ ಮಾಡಿದ್ರೂ ಎತ್ತಲ್ಲ. ನಿನ್ನೆ ಕೆಮಿಸ್ಟ್ರಿ ನೋಟ್‌ಬುಕ್ ಕೊನೇ ಪೇಜಲ್ಲಿ "ನಾನಿಲ್ದೆ ಇದ್ರೆ ಎಲ್ಲರಿಗೂ ನೆಮ್ಮದಿ" ಅಂತ ಬರೆದಿದ್ದು ನೋಡಿ ಕೈಕಾಲೇ ಆಡ್ಲಿಲ್ಲ. ನಮ್ಮನೆಯವ್ರು ದೃಷ್ಟಿ ಆಗಿರ್ಬೇಕು ಅಂತಾರೆ, ಅತ್ತೆ ಮಾನಸಿಕ ಡಾಕ್ಟ್ರ ಹತ್ರ ಹೋದ್ರೆ ಊರಿಗೆಲ್ಲಾ ಗೊತ್ತಾಗಿ ನಾಳೆ ಮದುವೆಗೆ ತೊಂದ್ರೆ ಅಂತಾರೆ.
ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಇದು ಪತ್ರಿಕೆ ಬರೋವರೆಗೂ ಕಾಯೋ ವಿಷಯ ಅಲ್ಲಮ್ಮ, ನಿಮಗೆ ಫೋನಲ್ಲೇ ಹೇಳಿದ್ದೀನಿ, ಆದ್ರೂ ಇದೇ ಭಯದಲ್ಲಿರೋ ಬೇರೆ ಅಪ್ಪ ಅಮ್ಮಂದಿರಿಗೂ ಬೇಕು ಅಂತ ಇಲ್ಲೂ ಬರೀತಿದ್ದೀನಿ.

ಅವಳನ್ನ ಒಬ್ಬಳೇ ಬಿಡ್ಬೇಡಿ, ರಾತ್ರಿ ನೀವೇ ಪಕ್ಕದಲ್ಲಿ ಮಲ್ಕೊಳಿ. ಅತ್ತೆಯವರ ಬಿಪಿ ಶುಗರ್ ಮಾತ್ರೆ, ತೋಟಕ್ಕೆ ಹೊಡೆಯೋ ಔಷಧಿ ಎಲ್ಲಾ ಬೀಗ ಹಾಕಿಡಿ, ಆಗಲ್ಲ ಅಂದ್ರೆ ಬೇರೆಯವರ ಮನೇಲಿಡಿ. ಆಮೇಲೆ ಕೂತ್ಕೊಂಡು ನೇರವಾಗೇ ಕೇಳಿ, "ಸಾಯ್ಬೇಕು ಅಂತ ಅನ್ನಿಸ್ತಿದ್ಯಾ ಪುಟ್ಟಾ?" ಅಂತ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಾಗಾಗಲ್ಲ, ಒಳಗಿಟ್ಕೊಂಡಿದ್ದನ್ನ ಹೇಳೋಕೆ ಅವಳಿಗೆ ದಾರಿ ಸಿಗತ್ತೆ. ಹೌದು ಅಂದ್ರೆ "ನಿಂಗೇನು ಕಮ್ಮಿ ಮಾಡಿದೀವಿ" ಅನ್ನೋ ಮಾತು ಮಾತ್ರ ಬಾಯಿಗೆ ಬರಬಾರ್ದು, ಸುಮ್ನೆ ಕೇಳಿಸ್ಕೊಳಿ.

14416ಗೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರಲ್ಲಿ ಶುರು ಮಾಡಿದ್ದು, ಹಗಲು ರಾತ್ರಿ ಇರತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಮಗಳು ಮಾತಾಡಲ್ಲ ಅಂದ್ರೆ ನೀವೇ ಮಾತಾಡಿ. ಏನಾದ್ರೂ ತಗೊಂಡುಬಿಟ್ಟಿದ್ರೆ ಇದ್ಯಾವುದೂ ಬೇಡ, 108ಕ್ಕೆ ಮಾಡಿ ಹತ್ತಿರದ ಆಸ್ಪತ್ರೆಗೆ ಓಡಿ, ಪೊಲೀಸ್ ಕೇಸ್ ಆಗತ್ತೆ ಅಂತ ಹೆದರಿ ಮುಚ್ಚಿಡ್ಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತ ನೋಡ್ಬೇಕೇ ಹೊರತು ಶಿಕ್ಷೆ ಕೊಡೋ ಹಾಗಿಲ್ಲ.

ನಿಮಗೆ ಹಾಸನದ ಹಿಮ್ಸ್ ಆಸ್ಪತ್ರೆ ಹತ್ರ, ಅಲ್ಲಿ ಮನೋವೈದ್ಯರು ಸಿಗ್ತಾರೆ. ಬೆಂಗಳೂರಿನ ನಿಮ್ಹಾನ್ಸಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಅಂತಲೇ ಬೇರೆ ವಿಭಾಗ ಇದೆ, ಎಮರ್ಜೆನ್ಸಿ ರಾತ್ರಿನೂ ತೆಗೆದಿರತ್ತೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಅತ್ತೆಯವರಿಗೆ ಹೇಳಿ, ಪೇಷೆಂಟ್ ವಿಷಯ ಗುಟ್ಟಾಗಿಡ್ಬೇಕು ಅಂತ ಅದೇ ಕಾಯ್ದೇಲಿದೆ. ಯಜಮಾನರು ದೃಷ್ಟಿ ತೆಗೆಸ್ಬೇಕು ಅಂದ್ರೆ ತೆಗೆಸ್ಲಿ, ಜಗಳ ಬೇಡ, ಆದ್ರೆ ಅದಕ್ಕೋಸ್ಕರ ಆಸ್ಪತ್ರೆ ಒಂದು ದಿನವೂ ಮುಂದಕ್ಕೆ ಹೋಗ್ಬಾರ್ದು.

ಹೋಗುವಾಗ ಆ ನೋಟ್‌ಬುಕ್ ತಗೊಂಡು ಹೋಗಿ, ಡಾಕ್ಟ್ರು ಅವಳ ಜೊತೆ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡ್ಬೇಕು ಅಂದ್ರೆ ನೀವು ಹೊರಗಿರಿ. ಮಾತ್ರೆ ಕೊಟ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಆ ಶುರುವಿನ ವಾರಗಳಲ್ಲೇ ಅವಳ ಮೇಲೆ ಜಾಸ್ತಿ ಗಮನ ಇರ್ಲಿ, ಹುಷಾರಾದ್ಲು ಅಂತ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ.