ಅಮ್ಮನ ಬದಲಿ ಮಂಡಿಯಲ್ಲಿ ಮತ್ತೆ ನೋವು: ಪ್ರತಿಕ್ರಿಯೆ

ಮಂಡಿ ಬದಲಿ ಆಪರೇಷನ್ ಆದ ನಿಮ್ಮ ಅಮ್ಮನಿಗೆ ಅದೇ ಮಂಡಿಯಲ್ಲಿ ಮತ್ತೆ ನೋವು ಏಕೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಇಂಪ್ಲಾಂಟ್ (ಒಳಗೆ ಕೂರಿಸಿದ ಕೃತಕ ಕೀಲು) ಸಡಿಲವಾಗಿರಬಹುದು, ಇಲ್ಲವೇ ಒಳಗೆ ನಿಧಾನದ ಸೋಂಕು. ಒಂದೂವರೆ ವರ್ಷ ಆರಾಮಿದ್ದು ಈಗ ಎದ್ದ ಮೊದಲ ಹೆಜ್ಜೆಗಳಲ್ಲಿ ನೋವು ಎಂದರೆ ಸಡಿಲದ ಲಕ್ಷಣ. ಆದರೆ ಮಂಡಿ ಬಿಸಿ, ರಾತ್ರಿಯೂ ನೋವು ಎಂದಿದ್ದೀರಿ, ಹಾಗಾಗಿ ಸೋಂಕು ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಜ್ವರವಿಲ್ಲದೆಯೂ ಸೋಂಕು ಇರಬಹುದು. ಯಾವುದೆಂದು ಪರೀಕ್ಷೆಯಿಲ್ಲದೆ ಹೇಳಲಾಗದು.

ಮೆಡಿಕಲ್‌ನಿಂದ ಆ್ಯಂಟಿಬಯಾಟಿಕ್ ತಂದು ಕೊಡಬೇಡಿ. ಕೊಟ್ಟರೆ ಕಲ್ಚರ್‌ನಲ್ಲಿ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ರೋಗಾಣು ಸಿಗದೆ ಹೋಗಬಹುದು, ಆಮೇಲೆ ಯಾವ ಮದ್ದು ಎಂಬುದೇ ಗೊತ್ತಾಗುವುದಿಲ್ಲ. ಎಣ್ಣೆ ತಿಕ್ಕುವುದೂ ಬೇಡ.

ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಮಾಡಿಸಿ. ನಿಂತು ತೆಗೆದ ಎಕ್ಸ್‌ರೇಯನ್ನು ಆಪರೇಷನ್ ಆದಾಗಿನದರ ಜೊತೆ ಹೋಲಿಸಲು ಹೇಳಿ. ಇಂಪ್ಲಾಂಟನ್ನು ಮೂಳೆಗೆ ಅಂಟಿಸಿದ ಸಿಮೆಂಟ್ ಸುತ್ತ ಕಪ್ಪು ಗೆರೆ ಅಗಲವಾಗುತ್ತಿದೆಯೇ ಎಂಬುದು ಮುಖ್ಯ. ನಂತರ ಸೂಜಿಯಿಂದ ಮಂಡಿಯ ನೀರು ತೆಗೆದು ಸೆಲ್ ಕೌಂಟ್ (ಅದರಲ್ಲಿನ ಬಿಳಿ ರಕ್ತಕಣಗಳ ಎಣಿಕೆ), ಕಲ್ಚರ್ ಮಾಡಿಸಬೇಕು. ಕಲ್ಚರ್ 14 ದಿನ ಇಡಲು ಕೇಳಿ, ಕೆಲವು ರೋಗಾಣು ತಡವಾಗಿ ಬೆಳೆಯುತ್ತವೆ. ಎಲ್ಲ ಸರಿಯಿದ್ದರೆ ಸೊಂಟದ ಕೀಲಿನ ಎಕ್ಸ್‌ರೇ. ಅಲ್ಲಿನ ಸವೆತವೂ ಮಂಡಿಯಲ್ಲಿ ನೋಯುತ್ತದೆ.

ಉಡುಪಿಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವಾಗ 'ರಿವಿಷನ್' (ಹಳೆಯ ಇಂಪ್ಲಾಂಟ್ ತೆಗೆದು ಮತ್ತೆ ಕೂರಿಸುವ ಆಪರೇಷನ್) ಮಾಡುವ ಸರ್ಜನ್ ಯಾರೆಂದೇ ವಿಚಾರಿಸಿ. ಇಂಪ್ಲಾಂಟ್‌ನ ಕಂಪನಿ, ಸೈಜು ಬರೆದ ಸ್ಟಿಕ್ಕರ್ ಇರುವ ಹಳೆಯ ಫೈಲ್ ಜೊತೆಗಿರಲಿ. ಚಳಿ ಜ್ವರ ಬಂದರೆ, ಗಾಯದಿಂದ ಕೀವು ಒಸರಿದರೆ ಅಂದೇ ಕ್ಯಾಜುವಾಲ್ಟಿಗೆ ಕರೆದೊಯ್ಯಿರಿ.